ಸಾಗರ–ಸಿಗಂದೂರು–ಕೊಲ್ಲೂರು–ಹೊನ್ನಾವರ–ಜೋಗ: ಒಂದೇ ದಿನ, ಕಾರಿನಲ್ಲೇ ಕೂತು ನೋಡಬಹುದಾ?

ಮೂರನೇಗೇರ್

ಎಲ್ಲರಿಗೂ ನಮಸ್ಕಾರ. ನವರಾತ್ರಿ ರಜೆಗೆ ಅಪ್ಪ ಅಮ್ಮನ ಜೊತೆ ಮಲೆನಾಡಿಗೆ ಹೊರಟಿದ್ದೇವೆ. ಸಾಗರದಲ್ಲಿ ಉಳಿಯುತ್ತೇವೆ. ಅದರಲ್ಲಿ ಒಂದು ಇಡೀ ದಿನವನ್ನು ಬರೀ ಡ್ರೈವ್‌ಗೆ ಅಂತ ತೆಗೆದಿಟ್ಟಿದ್ದೇನೆ.

ಕಾರಣ ಇದು. ಅಪ್ಪನಿಗೆ ಮಂಡಿ ನೋವು. ಮೆಟ್ಟಿಲು ಕಂಡರೆ ಸಾಕು, "ನೀವು ಹೋಗಿ ಬನ್ನಿ, ನಾನು ಕಾರಲ್ಲೇ ಇರ್ತೀನಿ" ಅಂತಾರೆ. ಬೇಲೂರಿಗೆ ಹೋದರೂ ಅಷ್ಟೇ, ಬಾದಾಮಿಗೆ ಹೋದರೂ ಅಷ್ಟೇ. ಅವರು ನೋಡಿದ್ದು ಪಾರ್ಕಿಂಗ್ ಜಾಗ ಮಾತ್ರ. ಈ ಸಲ ನೋಡುವಂಥದ್ದೆಲ್ಲ ಕಾರಿನ ಕಿಟಕಿಗೇ ಬರಬೇಕು ಅಂತ ನನ್ನ ಆಸೆ.

ದಾರಿ ಹೀಗೆ ಯೋಚಿಸಿದ್ದೇನೆ. ಸಾಗರದಿಂದ ಹೊಸ ಸೇತುವೆ ದಾಟಿ ಸಿಗಂದೂರು. ಅಲ್ಲಿಂದ ಮರಕುಟಕ, ನಾಗೋಡಿ ಘಾಟ್ ಇಳಿದು ಕೊಲ್ಲೂರು. ಬೈಂದೂರಿನಲ್ಲಿ ಹೆದ್ದಾರಿ 66 ಹಿಡಿದು ಭಟ್ಕಳ, ಮುರುಡೇಶ್ವರ, ಹೊನ್ನಾವರ. ಆಮೇಲೆ ಗೇರುಸೊಪ್ಪದ ಮೇಲೆ ಘಾಟ್ ಹತ್ತಿ ಜೋಗ, ತಾಳಗುಪ್ಪ, ವಾಪಸ್ ಸಾಗರ. ಲೆಕ್ಕ ಹಾಕಿದರೆ ಸುಮಾರು 250 ಕಿ.ಮೀ. ಆಗುತ್ತೆ.

ಹೀಗೇ ಹೋಗಬೇಕಾ, ಉಲ್ಟಾ ಬರಬೇಕಾ? ಯಾವುದನ್ನು ಕೈಬಿಡಬಹುದು? ಅಮ್ಮನಿಗೆ ತಿರುವುಗಳಲ್ಲಿ ವಾಂತಿ ಬರುತ್ತೆ, ಅದಕ್ಕೇನು ಮಾಡಲಿ? ಗಾಡಿ ಚಿಕ್ಕ ಪೆಟ್ರೋಲ್ ಕಾರು, ಓಡಿಸುವುದು ನಾನೊಬ್ಬಳೇ.

ನಿಧಾನವೇಪ್ರಧಾನ

ಬೇಜಾರು ಮಾಡ್ಕೋಬೇಡಿ, ನನಗೆ ಈ ಪ್ಲಾನ್ ಅರ್ಥವೇ ಆಗ್ತಿಲ್ಲ. ಎರಡು ಘಾಟ್, ನಡುವೆ ಹೆದ್ದಾರಿ. ಊಟ ತಿಂಡಿ ಬಿಟ್ಟು ಸ್ಟೀರಿಂಗ್ ಹಿಂದೆ ಕಮ್ಮಿ ಅಂದರೂ ಏಳೆಂಟು ಗಂಟೆ. ರಜೆ ತಗೊಂಡು ಇಷ್ಟು ದಣಿಯೋದು ಯಾಕೆ? ಸಾಗರದಿಂದ ಆರು ಕಿಲೋಮೀಟರ್‌ನಲ್ಲಿ ಇಕ್ಕೇರಿ ಅಘೋರೇಶ್ವರ ದೇವಸ್ಥಾನ ಇದೆ. ಕೆಳದಿಯೂ ಹತ್ತಿರ. ಹೆಗ್ಗೋಡಿಗೆ ಹೋಗಿ, ನೀನಾಸಂ ನೋಡಿ, ಒಂದು ಕಾಫಿ ಕುಡಿದು ಬನ್ನಿ. ಅಪ್ಪನಿಗೂ ಆರಾಮು.

ಮೂರನೇಗೇರ್

ಇಕ್ಕೇರಿ, ಕೆಳದಿ ಮರುದಿನಕ್ಕೆ ಇದೆ. ಆದರೆ ನಮ್ಮಪ್ಪ ಕಾರಿನಲ್ಲಿ ದಣಿಯುವವರಲ್ಲ. ಕಿಟಕಿ ಪಕ್ಕ ಕೂರಿಸಿದರೆ ಮೈಲಿಗಲ್ಲು ಓದುತ್ತಾ ಬೆಳಿಗ್ಗೆಯಿಂದ ರಾತ್ರಿವರೆಗೂ ಖುಷಿಯಾಗಿರುತ್ತಾರೆ. ನಾಲ್ಕು ಹೆಜ್ಜೆ ನಡೆಸಿದರೆ ಮಾತ್ರ ಕಷ್ಟ.

ಕುಂದಾಪ್ರದವ

ಹ್ವಾಯ್, ಮೊದಲು ಒಂದು ಮಾತು. ನವರಾತ್ರಿಯಲ್ಲಿ ಕೊಲ್ಲೂರಿನ ಕಡೆ ತಲೆ ಹಾಕಬೇಡಿ. ವಿಜಯದಶಮಿ ದಿನ ಮಕ್ಕಳಿಗೆ ಅಕ್ಷರಾಭ್ಯಾಸ ಮಾಡಿಸೋಕೆ ಕೇರಳದಿಂದ ಬಸ್ಸುಗಟ್ಟಲೆ ಜನ ಬರುತ್ತಾರೆ. ಊರು ಚಿಕ್ಕದು ಮಾರ್ರೆ. ಬಂದ ಗಾಡಿಗಳೆಲ್ಲ ಎಲ್ಲಿ ನಿಲ್ಲಬೇಕು? ನೀವು ದೇವಸ್ಥಾನಕ್ಕೆ ಹೋಗದೆ ಸುಮ್ನೆ ದಾಟಿ ಹೋಗ್ತೀನಿ ಅಂದರೂ ಸಿಕ್ಕಿಹಾಕಿಕೊಳ್ಳುತ್ತೀರಿ. ಒಂದು ವಾರ ಮುಂದೆ ಹಾಕಿ.

ಎರಡನೆಯದು, ಇಷ್ಟು ದೂರ ಬಂದು ಮರವಂತೆ ಬಿಟ್ಟು ಹೋಗ್ತೀರಾ? ಅಪ್ಪ ಕಾರಿನಲ್ಲೇ ಕೂತು ನೋಡುವ ಜಾಗ ಅಂದರೆ ಅದೇ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ರಸ್ತೆ. ಇಳಿಯುವ ಅಗತ್ಯವೇ ಇಲ್ಲ. ಕೊಲ್ಲೂರಿನಿಂದ ನೇರ ಬೈಂದೂರಿಗೆ ಹೋಗದೆ ಜಡ್ಕಲ್, ವಂಡ್ಸೆ ಮೇಲೆ ಹೆಮ್ಮಾಡಿಗೆ ಬನ್ನಿ. ಅಲ್ಲಿ ಹೆದ್ದಾರಿ ಸಿಗುತ್ತದೆ. ಬಲಕ್ಕೆ ತಿರುಗಿ ಉತ್ತರಕ್ಕೆ ಬಂದರೆ ಮರವಂತೆ, ಮತ್ತೆ ಬೈಂದೂರು. ಜಾಸ್ತಿ ಅಂದರೆ 30 ಕಿ.ಮೀ. ಹೆಚ್ಚಾಗಬಹುದು.

ದಿಕ್ಕಿನ ಪ್ರಶ್ನೆಗೂ ಇಲ್ಲೇ ಉತ್ತರ ಇದೆ. ಈಗ ಅಲ್ಲಿ ಚತುಷ್ಪಥ. ನಾವು ಓಡಿಸುವುದು ಎಡಕ್ಕೆ. ದಕ್ಷಿಣದಿಂದ ಉತ್ತರಕ್ಕೆ ಹೋಗುವವರಿಗೆ ಸಮುದ್ರದ ಬದಿಯ ರಸ್ತೆ ಸಿಗುತ್ತದೆ. ಉಲ್ಟಾ ಬಂದರೆ ಹೊಳೆಯ ಬದಿ. ಹೊಳೆಯೂ ಚಂದವೇ, ಆದರೆ ಘಟ್ಟದ ಮೇಲಿನಿಂದ ಬರುವವರಿಗೆ ಬೇಕಾದ್ದು ಸಮುದ್ರ ಅಲ್ವಾ?

ಡೀಸೆಲ್ ರಾಯರು

ಕುಂದಾಪ್ರದವರು ಹೇಳಿದ್ದು ಸರಿ. ನಾನು ಬಸ್ಸು ಓಡಿಸಿ ನಿವೃತ್ತನಾದವನು, ಈ ಎರಡೂ ಘಾಟ್ ಪರಿಚಯ ಇವೆ. ಇನ್ನೊಂದು ಲೆಕ್ಕ ಹೇಳ್ತೀನಿ. ಬೆಳಿಗ್ಗೆ ನೀವು ಪಶ್ಚಿಮಕ್ಕೆ ಹೋಗುತ್ತೀರಿ, ಬಿಸಿಲು ಬೆನ್ನಿಗೆ. ಸಂಜೆ ಪೂರ್ವಕ್ಕೆ ಬರುತ್ತೀರಿ, ಆಗಲೂ ಬಿಸಿಲು ಬೆನ್ನಿಗೆ. ಇಡೀ ದಿನ ಕಣ್ಣಿಗೆ ಬಿಸಿಲು ಹೊಡೆಯುವುದಿಲ್ಲ. ಚಾಲಕರಿಗೆ ಇದು ದೊಡ್ಡ ಉಪಕಾರ.

ಬ್ಯಾಟರಿಗಾಡಿ

ರಾಯರೇ, ಉಲ್ಟಾ ಹೋದರೂ ಬೆಳಿಗ್ಗೆ ಪಶ್ಚಿಮ, ಸಂಜೆ ಪೂರ್ವ ತಾನೇ? ಬಿಸಿಲಿನ ಲೆಕ್ಕದಲ್ಲಿ ಎರಡೂ ಒಂದೇ.

ಡೀಸೆಲ್ ರಾಯರು

ಹೌದಪ್ಪಾ, ಒಂದೇ. ಆದರೆ ಕತ್ತಲಿನ ಲೆಕ್ಕದಲ್ಲಿ ಒಂದೇ ಅಲ್ಲ. ಉಲ್ಟಾ ಬಂದರೆ ಸಂಜೆ ಕೊಲ್ಲೂರು ದಾಟಿ ನಾಗೋಡಿ ಘಾಟ್ ಹತ್ತಬೇಕು. ಅದಾದ ಮೇಲೆ ಸಿಗಂದೂರಿನ ತನಕ ಕಾಡು, ತೋಟ, ಅಲ್ಲೊಂದು ಇಲ್ಲೊಂದು ಮನೆ. ಟೈರ್ ಪಂಕ್ಚರ್ ಆದರೆ ಹತ್ತಿರದಲ್ಲಿ ಯಾರೂ ಸಿಗುವುದಿಲ್ಲ. ಗೇರುಸೊಪ್ಪ ರಸ್ತೆ ಹಳೆಯ 206ನೇ ಹೆದ್ದಾರಿ. ಸಂಜೆಯಲ್ಲೂ ಬಸ್ಸು, ಲಾರಿ ಓಡಾಡುತ್ತಿರುತ್ತವೆ. ಸ್ವಲ್ಪ ತಡವಾದರೂ ಒಂಟಿಯಾಗುವುದಿಲ್ಲ. ಒಬ್ಬರೇ ಓಡಿಸುವವರು, ಜೊತೆಗೆ ಹಿರಿಯರು. ನೀವು ಬರೆದಿರುವ ದಿಕ್ಕೇ ಸರಿ. ಎರಡೂ ಘಾಟ್ ಬೆಳಕಿನಲ್ಲೇ ಮುಗಿಯಲಿ, ಉಳಿದದ್ದು ಹೇಗಾದರೂ ನಡೆಯುತ್ತೆ.

ಅಮ್ಮನ ವಿಷಯ. ಮಾತ್ರೆ ಕೊಡುವುದಾದರೆ ಡಾಕ್ಟರನ್ನು ಕೇಳಿ, ಹೊರಡುವ ಮುಂಚೆಯೇ ಕೊಡಿ. ಘಾಟ್ ಅರ್ಧ ಇಳಿದ ಮೇಲೆ ಕೊಟ್ಟು ಉಪಯೋಗವಿಲ್ಲ. ಖಾಲಿ ಹೊಟ್ಟೆ ಬೇಡ, ಎಣ್ಣೆ ತಿಂಡಿಯೂ ಬೇಡ. ಎರಡು ಇಡ್ಲಿ ಸಾಕು. ಘಾಟ್‌ನಲ್ಲಿ ಅವರನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ದೂರದ ರಸ್ತೆ ನೋಡಲಿ, ಫೋನ್ ನೋಡುವುದು ಬೇಡ. ಆದರೆ ಅರ್ಧ ವಾಂತಿ ಚಾಲಕರ ಕೈಯಲ್ಲಿರುತ್ತೆ. ತಿರುವಿನ ಒಳಗೆ ಬ್ರೇಕ್ ಹಾಕಬಾರದು. ತಿರುವು ಬರುವ ಮುಂಚೆಯೇ ವೇಗ ಇಳಿಸಿ, ಗೇರ್ ಇಳಿಸಿ, ಒಂದೇ ಸಮ ತಿರುಗಿಸಿ ಹೊರಗೆ ಬರಬೇಕು. ಇಳಿಜಾರಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟುಕೊಂಡೇ ಇಳಿಯುವವರನ್ನು ದಿನಾ ನೋಡಿದ್ದೇನೆ. ಕೆಳಗೆ ಬರುವಷ್ಟರಲ್ಲಿ ಸುಟ್ಟ ವಾಸನೆ. ಹತ್ತುವಾಗ ಯಾವ ಗೇರ್ ಬೇಕೋ ಇಳಿಯುವಾಗಲೂ ಅದೇ ಗೇರ್. ನಿಮ್ಮ ಹೆಸರೇ ಮೂರನೇಗೇರ್, ನಾಗೋಡಿಯಲ್ಲಿ ಎರಡಕ್ಕೂ ಬನ್ನಿ.

ಹತ್ತಿ ಬರುವ ಗಾಡಿಗೆ ದಾರಿ ಬಿಡಿ. ಕುರುಡು ತಿರುವಿನಲ್ಲಿ ಹಾರ್ನ್ ಹೊಡೆಯಿರಿ. ಮಂಜು ಬಿದ್ದರೆ ಹೈ ಬೀಮ್ ಹಾಕಬೇಡಿ, ಎದುರಿಗೆ ಬಿಳಿ ಗೋಡೆ ಎದ್ದ ಹಾಗಾಗುತ್ತೆ. ತಿರುವಿನಲ್ಲಿ ಗಾಡಿ ನಿಲ್ಲಿಸಿ ಫೋಟೋ ತೆಗೆಯುವವರಿಗೆ ಏನು ಹೇಳಬೇಕೋ ನನಗೆ ಗೊತ್ತಿಲ್ಲ.

ತುಮರಿಯ ಮಗ

ನಮ್ಮೂರಿನ ಮೇಲೆ ಹಾದು ಹೋಗುತ್ತಿದ್ದೀರಿ, ಸ್ವಾಗತ. ಸೇತುವೆ ಬಗ್ಗೆ ಯಾರೂ ಬರೆದಿಲ್ಲ, ನಾನೇ ಬರೀತೀನಿ.

2025ರ ಜುಲೈ 14ರಂದು ಉದ್ಘಾಟನೆ ಆಯ್ತು. ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ, ಶರಾವತಿ ಹಿನ್ನೀರಿನ ಮೇಲೆ ಎರಡು ಕಿಲೋಮೀಟರಿಗೂ ಉದ್ದ. ನಡುವೆ ಕಂಬದಿಂದ ಕೇಬಲ್‌ಗಳು ಇಳಿದಿವೆ. ನಿಮ್ಮ ಅಪ್ಪನಿಗೆ ಎರಡೂ ಕಡೆ ಕಿಟಕಿಯಲ್ಲಿ ನೀರು, ನೀರಿನಾಚೆ ಗುಡ್ಡ. ಬೆಳಿಗ್ಗೆ ಏಳರ ಸುಮಾರಿಗೆ ಬಂದರೆ ನೀರಿನ ಮೇಲೆ ಮಂಜು ಇರುತ್ತೆ. ನಿಧಾನವಾಗಿ ದಾಟಿ, ಆದರೆ ಸೇತುವೆ ಮೇಲೆ ನಿಲ್ಲಿಸಬೇಡಿ. ಭಾನುವಾರ ಜನ ಅಲ್ಲಿ ಬಾಗಿಲು ತೆಗೆದು ರಸ್ತೆ ಮಧ್ಯದಲ್ಲೇ ಸೆಲ್ಫಿ ತೆಗೆಯುತ್ತಾರೆ. ನಮಗೆ ಅದು ಆಸ್ಪತ್ರೆಗೆ ಹೋಗುವ ದಾರಿ. ನಿಲ್ಲಬೇಕು ಅಂದರೆ ದಾಟಿದ ಮೇಲೆ ಬದಿಯಲ್ಲಿ ಜಾಗ ನೋಡಿ ನಿಲ್ಲಿ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದಾಗ ಊರುಗಳು ಮುಳುಗಿದವು. ಉಳಿದ ನಾವು ನೀರಿನ ಈಚೆ ಸಿಕ್ಕಿಕೊಂಡೆವು. ನಾಡಿಗೆ ಕರೆಂಟು ಹೋಯಿತು, ನಮಗೆ ಲಾಂಚ್ ಬಂತು. ಸಂಜೆ ಕೊನೆಯ ಲಾಂಚ್ ತಪ್ಪಿದರೆ ಸಾಗರ ಕಣ್ಣೆದುರಿಗೇ ಇದ್ದರೂ ಇಲ್ಲದ ಹಾಗೆ. ಹೆರಿಗೆ ನೋವು ಶುರುವಾದವರನ್ನು ನಡುರಾತ್ರಿ ಕಾಡಿನ ದಾರಿಯಲ್ಲಿ ಸುತ್ತಿ ಕರೆದುಕೊಂಡು ಹೋದ ಮನೆಗಳು ಇಲ್ಲಿ ಎಷ್ಟೋ ಇವೆ. ಈಗ ಕೆಲವರು ಬಂದು "ಲಾಂಚ್ ಇದ್ದಾಗಲೇ ಚೆನ್ನಾಗಿತ್ತು" ಅಂತಾರೆ. ಅವರಿಗೆ ಚೆನ್ನಾಗಿತ್ತು.

ಇನ್ನೊಂದು. ಬೇಸಿಗೆಯಲ್ಲಿ ನೀರು ತುಂಬಾ ಇಳಿದರೆ ಮಡೆನೂರಿನ ಹಳೆಯ ಅಣೆಕಟ್ಟು ಮೇಲೆ ಕಾಣುತ್ತೆ. ಲಿಂಗನಮಕ್ಕಿಗಿಂತ ಮುಂಚೆ ಕಟ್ಟಿದ್ದು, ಆಮೇಲೆ ಅದೇ ಹಿನ್ನೀರಿನಲ್ಲಿ ಮುಳುಗಿತು. ಮಳೆಗಾಲ ಮುಗಿದ ಕೂಡಲೇ ಬಂದರೆ ಕಾಣುವುದಿಲ್ಲ. ಅದಕ್ಕೆ ಏಪ್ರಿಲ್, ಮೇನಲ್ಲಿ ಬರಬೇಕು.

ಪೆಟ್ರೋಲ್ ಸಾಗರದಲ್ಲೇ ಫುಲ್ ಮಾಡಿಸಿ. ಸಿಗಂದೂರು ದಾಟಿದ ಮೇಲೆ ಮೊಬೈಲ್ ಸಿಗ್ನಲ್ ಬಂದು ಹೋಗಿ ಮಾಡುತ್ತೆ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ದಾರಿ ತಪ್ಪಿತು ಅನಿಸಿದರೆ ಯಾವುದಾದರೂ ಮನೆಯ ಮುಂದೆ ನಿಲ್ಲಿಸಿ ಕೇಳಿ. ದಾರಿ ಹೇಳುವ ಮುಂಚೆ ನೀರು ಬೆಲ್ಲ ಕೊಡುತ್ತಾರೆ, ಹತ್ತು ನಿಮಿಷ ಹೋಗುತ್ತೆ, ಅದಕ್ಕೆ ತಯಾರಾಗಿರಿ.

ಮೂರನೇಗೇರ್

ತುಮರಿಯವರೇ, ಇಷ್ಟು ಬರೆದಿದ್ದಕ್ಕೆ ಧನ್ಯವಾದ. ಅಪ್ಪನಿಗೆ ಓದಿ ಹೇಳಿದೆ. ಮಡೆನೂರು ಅಣೆಕಟ್ಟು ನೋಡೋಕೆ ಮೇ ತಿಂಗಳಲ್ಲಿ ಮತ್ತೆ ಬರಬೇಕಂತೆ.

ನವರಾತ್ರಿ ಪ್ಲಾನ್ ಬಿಟ್ಟೆ. ರೂಮಿನವರ ಜೊತೆ ಮಾತಾಡಿ ಒಂದು ವಾರ ಮುಂದೆ ಹಾಕಿದ್ದೇನೆ. ಮರವಂತೆ ಸೇರಿಸಿದ್ದೇನೆ. ಹಾಗಾದರೆ ಏನನ್ನು ತೆಗೆಯಲಿ? ಮುರುಡೇಶ್ವರನಾ?

ಅತ್ತೆ ಫೋನ್ ಮಾಡಿ "ಆ ಶಿರೂರಿನ ಗುಡ್ಡ ಕುಸಿದ ರಸ್ತೆಯಲ್ಲಿ ಹೋಗ್ಬೇಡಿ" ಅಂತ ಹೆದರಿಸಿದ್ದಾರೆ. ಮ್ಯಾಪ್‌ನಲ್ಲಿ ನಮ್ಮ ದಾರಿಯಲ್ಲಿ ಶಿರೂರು ಇದೆ. ಇದೇನಾ ಅದು?

ಹೊನ್ನಾವರದ ಹುಡುಗಿ

ಅಲ್ಲ. 2024ರ ಜುಲೈ 16ರಂದು ಗುಡ್ಡ ಕುಸಿದದ್ದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ, ಗಂಗಾವಳಿ ನದಿಯ ಪಕ್ಕ. ಅದು ಹೊನ್ನಾವರ, ಕುಮಟಾ ಎರಡನ್ನೂ ದಾಟಿ ಇನ್ನೂ ಉತ್ತರಕ್ಕೆ ಇದೆ. ನೀವು ಅಷ್ಟು ದೂರ ಹೋಗುವುದೇ ಇಲ್ಲ. ನಿಮ್ಮ ದಾರಿಯಲ್ಲಿರುವುದು ಬೈಂದೂರು ಪಕ್ಕದ ಶಿರೂರು. ಅಲ್ಲಿ ಟೋಲ್ ಗೇಟ್ ಇದೆ, ಫಾಸ್ಟ್ಯಾಗ್‌ನಲ್ಲಿ ದುಡ್ಡಿರಲಿ. ಅತ್ತೆಯ ಭಯ ಮಾತ್ರ ಸುಳ್ಳಲ್ಲ. ಜೋರು ಮಳೆಯ ದಿನ ಈ ಕರಾವಳಿಯ ಯಾವ ಗುಡ್ಡದ ಕೆಳಗೂ ಗಾಡಿ ನಿಲ್ಲಿಸಿ ಚಹಾ ಕುಡಿಯಬಾರದು. ರೆಡ್ ಅಲರ್ಟ್ ಇದ್ದರೆ ಟ್ರಿಪ್ಪೇ ಬೇಡ.

ಮುರುಡೇಶ್ವರ ತೆಗೆಯಬೇಡಿ, ಚಿಕ್ಕದು ಮಾಡಿ. ಶಿವನ ಪ್ರತಿಮೆಯ ಹತ್ತಿರ ಹೋಗಲು ಮೆಟ್ಟಿಲು ಹತ್ತಬೇಕು, ಅದು ನಿಮ್ಮ ಅಪ್ಪನಿಗೆ ಆಗದು. ಆದರೆ ರಾಜಗೋಪುರಕ್ಕೆ ಲಿಫ್ಟ್ ಇದೆ. ಇಪ್ಪತ್ತು ಅಂತಸ್ತಿನ ಗೋಪುರ, ಮೇಲಿನಿಂದ ಸಮುದ್ರ, ಪ್ರತಿಮೆ, ದೋಣಿ ಎಲ್ಲ ಕಾಣುತ್ತೆ. 123 ಅಡಿಯ ಶಿವನನ್ನು ಮೇಲಿನಿಂದ ನೋಡುವುದೇ ಒಂದು ಮಜಾ. ಕ್ಯೂ ಕಮ್ಮಿ ಇದ್ದರೆ ಹತ್ತಿ, ಜಾಸ್ತಿ ಇದ್ದರೆ ಬಿಟ್ಟು ಮುಂದೆ ಹೋಗಿ. ಮುರುಡೇಶ್ವರದಲ್ಲಿ ಒಂದೂವರೆ ಗಂಟೆ ಕಳೆದರೆ ಘಾಟ್ ಹತ್ತುವಾಗ ಬೆಳಕು ಸಿಗುವುದಿಲ್ಲ.

ಈಗ ನನ್ನೂರಿನ ವಿಷಯ. ಹೊನ್ನಾವರದ ಶರಾವತಿ ಸೇತುವೆ ದಾಟುವಾಗ ರೈಲು ಸೇತುವೆಯೂ ಕಾಣುತ್ತೆ. ಕೊಂಕಣ ರೈಲ್ವೆಯಲ್ಲೇ ಅತಿ ಉದ್ದದ ಸೇತುವೆ ಅದು, ಎರಡು ಕಿಲೋಮೀಟರಿಗೂ ಮೇಲೆ. ಬೆಳಿಗ್ಗೆ ನೀವು ಹಿನ್ನೀರಿನಲ್ಲಿ ದಾಟಿದ ಹೊಳೆಯೇ ಇಲ್ಲಿ ಸಮುದ್ರ ಸೇರುವುದು. ಹೊನ್ನಾವರದಿಂದ ಗೇರುಸೊಪ್ಪದ ತನಕ ರಸ್ತೆ ಹೊಳೆಯ ಜೊತೆಗೇ ಹೋಗುತ್ತೆ. ಅಡಿಕೆ ತೋಟ, ತೆಂಗು, ನಡುನಡುವೆ ನೀರು. ಯಾರೂ ಈ ದಾರಿಯ ಫೋಟೋ ಹಾಕುವುದಿಲ್ಲ. ನನಗೆ ಇಡೀ ಸುತ್ತಿನಲ್ಲಿ ಇದೇ ಇಷ್ಟ, ಊರಿನವಳು ಅಂತ ಪಕ್ಷಪಾತ ಇರಬಹುದು. ಪೂರ್ವಕ್ಕೆ ಹೋಗುವಾಗ ಹೊಳೆ ನಿಮ್ಮ ಬಲಕ್ಕೆ ಬರುತ್ತೆ, ಅಪ್ಪನನ್ನು ಹಿಂದಿನ ಸೀಟಿನ ಬಲಗಡೆ ಕೂರಿಸಿ.

ಗೇರುಸೊಪ್ಪ ಅಂದರೆ ಚೆನ್ನಭೈರಾದೇವಿಯ ಊರು. ಪೋರ್ಚುಗೀಸರು "ಕಾಳುಮೆಣಸಿನ ರಾಣಿ" ಅಂತ ಕರೆದವಳು. ಹೊಳೆಯಾಚೆ ನಗರಬಸ್ತಿಕೇರಿಯಲ್ಲಿ ಚತುರ್ಮುಖ ಬಸದಿ ಇದೆ. ಆದರೆ ನಿಮಗೆ ಆ ದಿನ ಟೈಮ್ ಇರಲ್ಲ, ಸುಮ್ನೆ ಕೈ ಮುಗಿದು ಮೇಲೆ ಹತ್ತಿ.

ಕುಂದಾಪ್ರದವ

ಸೀಟಿನ ಟೈಮ್ ಟೇಬಲ್ಲೇ ಆಯ್ತು ಇದು! ನಾಗೋಡಿಯಲ್ಲಿ ಅಮ್ಮ ಮುಂದೆ. ಹೆಮ್ಮಾಡಿಯಿಂದ ಹೊನ್ನಾವರದ ತನಕ ಅಪ್ಪ ಮುಂದೆ, ಸಮುದ್ರ ಅವರ ಎಡಕ್ಕೆ. ಹೊನ್ನಾವರದಿಂದ ಅಪ್ಪ ಹಿಂದೆ ಬಲಕ್ಕೆ, ಅಮ್ಮ ಮತ್ತೆ ಮುಂದೆ.

ಮೂರನೇಗೇರ್

ಪ್ರಿಂಟ್ ತೆಗೆದು ಡ್ಯಾಶ್‌ಬೋರ್ಡಿಗೆ ಅಂಟಿಸ್ತೀನಿ. ಊಟ ಎಲ್ಲಿ? ಅಮ್ಮ ಸಸ್ಯಾಹಾರಿ. ಅಪ್ಪನಿಗೆ ಕರಾವಳಿಗೆ ಇಳಿದ ಮೇಲೆ ಮೀನು ಬೇಕೇ ಬೇಕು.

ಕುಂದಾಪ್ರದವ

ಹೆದ್ದಾರಿ ಪಕ್ಕ ಮೀನೂಟದ ಹೋಟೆಲಿಗೆ ಬರಗಾಲ ಇಲ್ಲ. ಲಾರಿ ನಿಂತಿರುವ ಕಡೆ ನಿಲ್ಲಿಸಿ. ಬಂಗುಡೆ ಇದ್ದರೆ ಬಂಗುಡೆ, ಕಾಣೆ ಇದ್ದರೆ ಪುಣ್ಯ. ಅಮ್ಮನಿಗೆ ಅಲ್ಲೇ ಪಕ್ಕದ ಸಸ್ಯಾಹಾರಿ ಹೋಟೆಲಿನಲ್ಲಿ ಗೋಳಿಬಜೆ, ಊಟ. ಭಟ್ಕಳದಲ್ಲಿ ಶಾವಿಗೆ ಬಿರಿಯಾನಿ ಸಿಕ್ಕರೆ ಬಿಡಬೇಡಿ, ಅಕ್ಕಿಯದಲ್ಲ, ಶಾವಿಗೆಯದೇ. ಬೇರೆ ಕಡೆ ಸುಲಭವಾಗಿ ಸಿಗುವುದಿಲ್ಲ.

ಬ್ಯಾಟರಿಗಾಡಿ

ನಡುವೆ ಬಾಯಿ ಹಾಕ್ತೀನಿ. ಇದೇ ಸುತ್ತನ್ನು ಎಲೆಕ್ಟ್ರಿಕ್ ಕಾರಿನಲ್ಲಿ ಮಾಡುವವರು ಚಾರ್ಜಿಂಗನ್ನು ಕರಾವಳಿಯಲ್ಲೇ ಊಟದ ಹೊತ್ತಿಗೆ ಮುಗಿಸಿಕೊಳ್ಳಿ. ನಾಗೋಡಿ ಇಳಿಯುವಾಗ ಒಂದಿಷ್ಟು ವಾಪಸ್ ಬರುತ್ತೆ. ಗೇರುಸೊಪ್ಪದಿಂದ ಮೇಲೆ ಹತ್ತುವಾಗ ಅದಕ್ಕಿಂತ ಜಾಸ್ತಿ ಹೋಗುತ್ತೆ.

ನಿಧಾನವೇಪ್ರಧಾನ

ಇಷ್ಟು ಓದಿದ ಮೇಲೂ ನನ್ನ ಅಭಿಪ್ರಾಯ ಅದೇ, ಆದರೆ ನಾನೂ ಹೋಗಬೇಕು ಅನಿಸ್ತಿದೆ.

ಜೋಗದ ಬಗ್ಗೆ ಒಂದು ಎಚ್ಚರಿಕೆ. ನೀರಿನ ಮೇಲೆ ತುಂಬಾ ಆಸೆ ಇಟ್ಟುಕೊಳ್ಳಬೇಡಿ. 253 ಮೀಟರ್ ಅಂತ ಪುಸ್ತಕದಲ್ಲಿ ಓದಿ ಬರುತ್ತಾರೆ, ಬೇಸಿಗೆಯಲ್ಲಿ ಬಂದರೆ ಬಂಡೆ ಮಾತ್ರ. ನೀರನ್ನು ಮೇಲೆ ಲಿಂಗನಮಕ್ಕಿಯಲ್ಲೇ ಹಿಡಿದಿರುತ್ತಾರೆ. ಅಕ್ಟೋಬರ್‌ನಲ್ಲಿ ಹಿಂದಿನ ವಾರ ಮಳೆಯಾಗಿದ್ದರೆ ರಾಜಾ, ರಾಣಿ, ರೋರರ್, ರಾಕೆಟ್ ನಾಲ್ಕೂ ಸಿಗಬಹುದು. ಅಲ್ಲಿ ಕಾಮಗಾರಿಯೂ ನಡೆಯುತ್ತಿರುತ್ತದೆ, ಆ ದಿನ ಒಳಗೆ ಬಿಡುತ್ತಾರಾ ಅಂತ ಬೆಳಿಗ್ಗೆ ಸಾಗರದಲ್ಲೇ ವಿಚಾರಿಸಿ. ಕೆಳಗೆ ಇಳಿಯುವ ಮೆಟ್ಟಿಲಿನ ಕಡೆ ಅಪ್ಪ ನೋಡುವುದೂ ಬೇಡ.

ಹೊನ್ನಾವರದ ಹುಡುಗಿ

ಘಾಟ್‌ನಲ್ಲಿ ಕೋತಿಗಳು ರಸ್ತೆ ಬದಿಯಲ್ಲಿ ಕೂತಿರುತ್ತವೆ. ದಯವಿಟ್ಟು ಬಾಳೆಹಣ್ಣು ಎಸೆಯಬೇಡಿ. ಈ ಕಣಿವೆ ಸಿಂಗಳೀಕಗಳ ಮನೆ, 2019ರಲ್ಲಿ ಅವುಗಳ ಹೆಸರಿನಲ್ಲೇ ಅಭಯಾರಣ್ಯ ಘೋಷಣೆಯಾಗಿದೆ. ಮರದ ಮೇಲಿರಬೇಕಾದ ಪ್ರಾಣಿ ಚಿಪ್ಸ್ ಆಸೆಗೆ ರಸ್ತೆಗೆ ಇಳಿದರೆ ಗಾಡಿಗೆ ಸಿಕ್ಕಿ ಸಾಯುತ್ತೆ.

ಮೂರನೇಗೇರ್

ಹೋಗಿ ಬಂದೆವು. ವಿವರ ಬರೆದು ಮುಗಿಸುತ್ತೇನೆ, ಮುಂದೆ ಹೋಗುವವರಿಗೆ ಉಪಯೋಗ ಆಗಲಿ.

ಬೆಳಿಗ್ಗೆ ಆರೂವರೆಗೆ ಸಾಗರ ಬಿಟ್ಟೆವು. ಸೇತುವೆ ಮೇಲೆ ಮಂಜಿತ್ತು, ಕೇಬಲ್‌ಗಳ ತುದಿ ಕಾಣಲಿಲ್ಲ. ಅಪ್ಪ ಕಿಟಕಿ ಇಳಿಸಿ ತಲೆ ಹೊರಗೆ ಹಾಕಿದರು, ಅಮ್ಮ ಬೈದರು. ನಾಗೋಡಿ ಘಾಟ್ ನಾನು ಅಂದುಕೊಂಡದ್ದಕ್ಕಿಂತ ನಿಧಾನ ಆಯ್ತು. ರಸ್ತೆ ಕಿರಿದು, ಎದುರಿಗೆ ಬಸ್ಸು ಬಂದರೆ ಬದಿಗೆ ಸರಿಯಬೇಕು. ರಾಯರು ಹೇಳಿದ ಹಾಗೆ ತಿರುವಿಗೆ ಮುಂಚೆಯೇ ವೇಗ ಇಳಿಸಿದೆ. ಅಮ್ಮನಿಗೆ ಏನೂ ಆಗಲಿಲ್ಲ, ನಿದ್ದೆ ಕೂಡ ಮಾಡಿದರು.

ಕೊಲ್ಲೂರಿನಲ್ಲಿ ಅಮ್ಮ ಮಾತ್ರ ದರ್ಶನಕ್ಕೆ ಹೋಗಿ ಬಂದರು. ಮಧ್ಯಾಹ್ನ ಬಾಗಿಲು ಹಾಕುತ್ತಾರೆ, ಬೆಳಿಗ್ಗೆಯೇ ಹೋದದ್ದು ಒಳ್ಳೆಯದಾಯಿತು. ಹೆಮ್ಮಾಡಿ ದಾರಿಯ ಸಲಹೆಗೆ ಕುಂದಾಪ್ರದವರಿಗೆ ಒಂದು ನಮಸ್ಕಾರ. ಮರವಂತೆಯಲ್ಲಿ ಕಾರು ನಿಲ್ಲಿಸಿ ಅರ್ಧ ಗಂಟೆ ಕೂತೆವು. ಬಂಡೆಕಲ್ಲು ಹಾಕಿರುವ ಕಡೆ ಅಲೆ ಹೊಡೆದು ನೀರಿನ ಹನಿ ಗಾಜಿನ ತನಕ ಬರುತ್ತಿತ್ತು. ಅಪ್ಪ ವೈಪರ್ ಹಾಕು ಅಂತ ಒಮ್ಮೆಯೂ ಹೇಳಲಿಲ್ಲ.

ಮುರುಡೇಶ್ವರದಲ್ಲಿ ಲಿಫ್ಟಿನ ಕ್ಯೂ ರಸ್ತೆಯವರೆಗೂ ಇತ್ತು. ಬಿಟ್ಟೆವು. ಗೋಪುರವನ್ನು ಕಾರಿನಿಂದಲೇ ನೋಡಿ ತಿರುಗಿದೆವು. ಇದೇ ನಿರ್ಧಾರದಿಂದ ಘಾಟ್‌ಗೆ ಬೆಳಕು ಉಳಿಯಿತು. ಹೊನ್ನಾವರ ಬಿಟ್ಟಾಗ ಮೂರೂಮುಕ್ಕಾಲು. ಜೋಗ ಮುಟ್ಟಿದಾಗ ಇನ್ನೂ ಬೆಳಕಿತ್ತು, ಆದರೆ ಮಂಜು ಬಂದು ಪೂರ್ತಿ ಮುಚ್ಚಿತ್ತು. ಸದ್ದು ಮಾತ್ರ ಕೇಳಿಸಿತು. ಹದಿನೈದು ನಿಮಿಷ ಕಾದ ಮೇಲೆ ಒಂದು ಕ್ಷಣ ಸರಿದು ರಾಣಿ ಮಾತ್ರ ಕಂಡಳು. ಅಮ್ಮನಿಗೆ ಅಷ್ಟೇ ಸಾಕಾಯ್ತು. ಅಪ್ಪನಿಗೆ ಸಾಕಾಗಲಿಲ್ಲ, ಮರುದಿನ ಇಕ್ಕೇರಿ ಆದ ಮೇಲೆ ಮತ್ತೆ ಜೋಗಕ್ಕೆ ಹೋಗಿ ಬಂದೆವು.

ನನ್ನ ಕಡೆಯಿಂದ ಒಂದೇ ಮಾತು. ಒಬ್ಬರೇ ಓಡಿಸುವುದಾದರೆ ಮರವಂತೆ, ಮುರುಡೇಶ್ವರ ಎರಡರಲ್ಲಿ ಒಂದನ್ನು ಮೊದಲೇ ಆರಿಸಿಕೊಳ್ಳಿ. ಸಾಗರಕ್ಕೆ ಬಂದಾಗ ಕಾಲು ಕ್ಲಚ್ ಒತ್ತಿ ಒತ್ತಿ ಮರಗಟ್ಟಿತ್ತು.

ಬ್ಯಾಟರಿಗಾಡಿ

ಚೆನ್ನಾಗಿ ಬರೆದಿದ್ದೀರಿ. ಹೊನ್ನಾವರದವರೆಗೆ ಹೋಗದೆ ಭಟ್ಕಳದಿಂದಲೇ ಕೋಗಾರ ಘಾಟ್ ಹತ್ತಿ ಕಾರ್ಗಲ್, ಜೋಗ ಸೇರಿದರೆ ದೂರ ಕಮ್ಮಿ ಆಗುತ್ತಾ?

ತುಮರಿಯ ಮಗ

ದೂರ ಕಮ್ಮಿ ಆಗುತ್ತೆ, ಸಮಯ ಕಮ್ಮಿ ಆಗಲ್ಲ. ಆ ರಸ್ತೆ ಕಿರಿದು, ತಿರುವು ಜಾಸ್ತಿ, ಓಡಾಟ ಕಮ್ಮಿ. ಕಾಡು ಮಾತ್ರ ಬಲು ಚಂದ. ಮಳೆ ನಿಂತು ಒಂದು ತಿಂಗಳಾದ ಮೇಲೆ, ಬೆಳಿಗ್ಗೆ ಹೊತ್ತಿನಲ್ಲಿ, ಜೊತೆಗೆ ಇನ್ನೊಬ್ಬರು ಓಡಿಸುವವರು ಇದ್ದರೆ ಹೋಗಿ. ಹೊರಡುವ ಮುಂಚೆ ಇಲ್ಲೇ ಕೇಳಿ, ರಸ್ತೆ ಹೇಗಿದೆ ಅಂತ ವಿಚಾರಿಸಿ ಹೇಳ್ತೀನಿ.